ಒಂದು ಗಂಟೆ ಹಿಂದಿನವಳು

ತಳ ಹಿಡಿದ ಕಿತ್ತಳೆ ಹೂವಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಓಣಿಯಲ್ಲಿ ಯಾರೋ ತಾಮ್ರದ ಹಂಡೆಯಲ್ಲಿ ಹೂನೀರು ಇಳಿಸುತ್ತ ಒಲೆಯ ಮೇಲಿನ ಗಮನ ತಪ್ಪಿಸಿಕೊಂಡಿದ್ದರು. ಬತೂಲ್ ಚಿಕ್ಕವಳಿದ್ದಾಗ ಮನೆಯಲ್ಲಿ ಈ ವಾಸನೆ ಎದ್ದರೆ ಅಜ್ಜಿ ಯಾರನ್ನೂ ಬಯ್ಯುತ್ತಿರಲಿಲ್ಲ. ಸೀದ ನೀರನ್ನು ಬೇರೆ ಸೀಸೆಗೆ ತುಂಬಿಸಿ, ಇದು ನಮಗೆ, ಚೆನ್ನಾಗಿ ಬಂದದ್ದು ಅಕ್ಕಪಕ್ಕದವರಿಗೆ ಎನ್ನುತ್ತಿದ್ದಳು. ಬಾಲ್ಯವೆಲ್ಲ ಬತೂಲ್ ಸೀದ ಹೂನೀರನ್ನೇ ತಲೆಗೆ ಸವರಿಕೊಂಡು ಶಾಲೆಗೆ ಹೋದವಳು.

ಆ ವಾಸನೆಯ ಬೆನ್ನಿಗೇ ಪರದೆಯ ಮೇಲೆ ಕೆಂಪು ಗೆರೆ ಮಿನುಗಿತು.

ಮತ್ತೆ ಅವನೇ.

ಸಿಗಡಿ ಸುಲಿಯುವ ಶೆಡ್ಡಿನೊಳಗೆ ಅಮೋನಿಯಾ ತುಂಬಿ ಹೆಂಗಸರು ಸತ್ತ ದಿನ, ಹೊರಗಿನಿಂದ ಅಗುಳಿ ಹಾಕಿದವನನ್ನು ಕಣ್ಣಾರೆ ಕಂಡವಳು ಯಾಮ್ನಾ ಒಬ್ಬಳೇ. ಅವಳು ನಾಡಿದ್ದು ಬೆಳಿಗ್ಗೆ ತೆತ್ವಾನಿನ ನ್ಯಾಯಾಲಯದಲ್ಲಿ ನಿಲ್ಲಬೇಕಿತ್ತು. ಅಲ್ಲಿಯವರೆಗೆ ಅವಳನ್ನು ಜೀವಂತವಾಗಿ ಇಡುವುದು ದಾರ್ ಲಲ್ಲಾದ ಹೊಣೆ. ಅವಳು ಜೀವಂತ ಇದ್ದಾಳೆಂದು ತಿಳಿಯಲು ಇದ್ದ ಒಂದೇ ದಾರಿ, ಬತೂಲ್ ಕಾಯುತ್ತಿದ್ದ ಈ ಗೂಢಲಿಪಿಯ ಫೋನ್ ಸಂಪರ್ಕ.

ಆ ಮನೆಗೆ ದಾರ್ ಲಲ್ಲಾ ಎಂದು ಹೆಸರಿಟ್ಟವರು ಓಣಿಯವರೇ. ದಾರ್ ಎಂದರೆ ಮನೆ; ಲಲ್ಲಾ, ಅಂದರೆ ಅಮ್ಮನವರು, ಅದನ್ನು ಕಟ್ಟಿದ ಹನಿಯ್ಯಾ. ಒಂದು ಕಾಲಕ್ಕೆ ಊರಿನ ಅರ್ಧ ಮಕ್ಕಳನ್ನು ತಮ್ಮ ಕೈಯಿಂದ ಹೊರತೆಗೆದ ಸೂಲಗಿತ್ತಿ. ಪ್ರಾಣಭಯವಿದ್ದ ಹೆಂಗಸರನ್ನು ಅವರು ಊರೂರಿನ ನೆಂಟರ ಮನೆಗಳಲ್ಲಿ ಬಚ್ಚಿಡುತ್ತಿದ್ದರು. ವಕೀಲ ನೌಫಲ್ ಅವರ ಪರ ವಾದಿಸುತ್ತಿದ್ದ. ಟೆಲಿಫೋನ್ ಇಲಾಖೆಯಿಂದ ಬಂದ ಬತೂಲ್ ಅವರ ಮಾತು ಬೇರೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತಿದ್ದಳು.

ವ್ಯವಸ್ಥೆ ಸರಳವಾದದ್ದು. ಪ್ರತಿ ಹೆಂಗಸಿಗೂ ಒಂದು ಫೋನು, ಫೋನಿನೊಳಗೆ ಒಂದು ಕೀಲಿ. ಕೀಲಿ ಬಂದು ಬಾಗಿಲು ತಟ್ಟುತ್ತದೆ. ಬಾಗಿಲು ಆರು ಅಂಕಿ ಕೇಳುತ್ತದೆ. ಆ ಅಂಕಿಯನ್ನು ಹೊರಗಿನಿಂದ ಯಾರೂ ಕಳಿಸಿಕೊಡುವುದಿಲ್ಲ. ಫೋನೇ ತನ್ನೊಳಗಿನ ಗುಟ್ಟನ್ನೂ ತನ್ನ ಗಡಿಯಾರವನ್ನೂ ಬೆರೆಸಿ ಅರ್ಧ ನಿಮಿಷಕ್ಕೊಂದು ಹೊಸದನ್ನು ಹುಟ್ಟಿಸುತ್ತದೆ. ಕೀಲಿಯೂ ಅಂಕಿಯೂ ಸರಿಯಿದ್ದರೆ ಹಸಿರು ಗೆರೆ, ಒಳಗೆ. ಕೀಲಿ ಸರಿಯಿದ್ದು ಅಂಕಿ ತಪ್ಪಿದರೆ ಕೆಂಪು ಗೆರೆ, ಶಂಕಿತ.

ಶಂಕಿತರನ್ನು ಓಡಿಸಬಹುದು. ಇಲ್ಲವೇ ಜಗಲಿಯಲ್ಲಿ ಕೂರಿಸಬಹುದು. ಈ ಜಗಲಿ ಬತೂಲ್‌ಳ ಏರ್ಪಾಡು. ಅಲ್ಲಿ ಕೂತವರಿಗೆ ಒಳಗಿನದೇನೂ ಕಾಣುವುದಿಲ್ಲ, ಅವರು ಬರೆದದ್ದೇನೂ ಒಳಗೆ ಬರುವುದಿಲ್ಲ. ಆದರೂ ಕತ್ತು ಹಿಡಿದು ನೂಕಿದಂತೆ ಅಲ್ಲ.

ರಂಜಾನ್ ಶುರುವಾದ ವಾರ ಯಾಮ್ನಾಳ ಕೀಲಿ ಹಿಡಿದು ಇಬ್ಬರು ತಟ್ಟತೊಡಗಿದ್ದರು. ಒಂದೇ ಕೀಲಿ, ಎರಡು ಕೈ. ಒಂದು ಕರೆ ಸಮುದ್ರದಂಡೆಯ ವಾದ್ ಲಾವ್ ಕಡೆಯಿಂದ. ಲಲ್ಲಾ ಯಾಮ್ನಾಳನ್ನು ಬಚ್ಚಿಟ್ಟದ್ದೂ ಅಲ್ಲಿಯೇ. ಆ ಕರೆಯಲ್ಲಿ ಅಂಕಿ ಒಮ್ಮೆಯೂ ತಪ್ಪಲಿಲ್ಲ. ಇನ್ನೊಂದು ಬೆಟ್ಟದ ಮೇಲಿನ ಬಾಬ್ ತಾಝಾ ಕಡೆಯಿಂದ. ಅದರಲ್ಲಿ ಅಂಕಿ ಒಮ್ಮೆಯೂ ಸರಿಬರಲಿಲ್ಲ.

ಯಾರು ಯಾಮ್ನಾ, ಯಾರು ಕಳ್ಳ ಎಂದು ಬತೂಲ್ ಹೆಚ್ಚು ಯೋಚಿಸಲಿಲ್ಲ. ಬೆಟ್ಟದ ಕರೆಯನ್ನು ಜಗಲಿಗೆ ಹಾಕಿದಳು. ನೌಫಲ್ ಅದನ್ನು ಪೂರ್ತಿ ಓಡಿಸಿಬಿಡಿ ಎಂದ. ಉಪವಾಸದ ತಿಂಗಳು, ಕೂತಿರಲಿ ಬಿಡು ಎಂದಿದ್ದಳು ಬತೂಲ್. ಹಾಗಾದರೆ ಒಂದು ಲೋಟ ಚಹಾನೂ ಕಳಿಸಿಬಿಡಿ ಎಂದು ಅವನು ಹಂಗಿಸಿದ್ದ.

ಈಗ ಕೆಂಪು ಗೆರೆ ಮೂರನೆಯ ಸಲ ಮಿನುಗಿತು. ಆರಿತು. ಸ್ವಲ್ಪ ತಡೆದು ಮತ್ತೆ ಮಿನುಗಿತು.

ಅವಳಿಗೆ ಮೊದಲ ಬಾರಿ ಕಸಿವಿಸಿಯಾಯಿತು. ಕಳ್ಳನಾದವನು ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕುತ್ತಾನೆ. ಇವನು ಇಷ್ಟು ದಿನವೂ ಒಂದೇ ರೀತಿ ಬಂದು, ಒಂದೇ ರೀತಿ ತಪ್ಪಿ, ಒಂದೇ ರೀತಿ ಕಾಯುತ್ತಿದ್ದ. ಸಿಕ್ಕಿಕೊಂಡ ಮೇಜಿನ ಖಾನೆಯನ್ನು ಎಳೆದೆಳೆದು ನೋಡುವವರ ಹಾಗೆ.

ತಲೆಯೆತ್ತಿ ಗೋಡೆ ಗಡಿಯಾರ ನೋಡಿದವಳು ಬೆಚ್ಚಿದಳು. ಉಪವಾಸ ಬಿಡುವ ಹೊತ್ತು ದಾಟಿಹೋಗಿತ್ತು. ಆಮೇಲೆ ನೆನಪಾಗಿ ಒಂದು ಗಂಟೆ ಕಳೆದಳು. ರಂಜಾನ್ ಬಂದರೆ ಸರ್ಕಾರ ಇಡೀ ಮೊರಾಕೊದ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಹಬ್ಬ ಮುಗಿದ ಮೇಲೆ ಮತ್ತೆ ಮುಂದಕ್ಕೆ. ಈ ಗಡಿಯಾರಕ್ಕೆ ಮಾತ್ರ ಯಾರೂ ಕೈ ಹಾಕಿರಲಿಲ್ಲ. ಅಷ್ಟು ಎತ್ತರ ಹತ್ತಿ ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ, ಒಂದು ತಿಂಗಳು ಮನಸ್ಸಿನಲ್ಲೇ ಕಳೆದುಕೊಳ್ಳಿ ಎಂದು ಲಲ್ಲಾ ಎಲ್ಲರಿಗೂ ಹೇಳಿದ್ದರು.

ಹೊಸ ಫೋನುಗಳಿಗೆ ಈ ತಂಟೆಯಿಲ್ಲ, ಅವೇ ತಿದ್ದಿಕೊಳ್ಳುತ್ತವೆ. ದಾನಕ್ಕೆ ಬಂದ ಹಳೆಯ ಫೋನುಗಳಿಗೆ ಈ ವರ್ಷದ ರಂಜಾನ್ ಯಾವಾಗ ಬಂತೆಂದು ಗೊತ್ತಿರುವುದಿಲ್ಲ. ಯಾಮ್ನಾಳಿಗೆ ಕೊಟ್ಟದ್ದು ಅಂಥ ಒಂದು ಫೋನು.

ಮನಸ್ಸಿನಲ್ಲಿ ಕಳೆದುಕೊಳ್ಳಲು ಬೇಸರವಾದವರು ಏನು ಮಾಡುತ್ತಾರೆ? ಫೋನಿನ ಗಡಿಯಾರವನ್ನೇ ಕೈಯಾರೆ ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಕಣ್ಣಿಗೆ ಕಾಣುವ ಹೊತ್ತು ಆಗ ಸರಿಯಾಗುತ್ತದೆ. ಫೋನು ಒಳಗೊಳಗೇ ಎಣಿಸುವ ಹೊತ್ತು ಮಾತ್ರ ಒಂದು ಗಂಟೆ ಹಿಂದೆ ಬೀಳುತ್ತದೆ.

ಬತೂಲ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

ಪ್ರತಿ ಕೀಲಿಯ ಗುಟ್ಟಿಗೂ ಅವಳ ಹತ್ತಿರ ಒಂದು ಜೋಡಿಯಿತ್ತು. ಯಾಮ್ನಾಳದನ್ನು ಮೇಜಿನ ಮೇಲಿನ ಬಿಡಿ ಫೋನಿಗೆ ಹಾಕಿ, ಅದರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಳ್ಳಿದಳು. ಆರು ಅಂಕಿ ಮೂಡಿತು. ಕೆಂಪು ಗೆರೆಗಾಗಿ ಕಾದಳು. ಇಷ್ಟು ದಿನ ಅದು ಯಾಕೆ ಬರುತ್ತದೋ ಎಂದುಕೊಳ್ಳುತ್ತಿದ್ದವಳು ಈಗ ಒಂದೇ ಒಂದು ಸಲ ಬರಲಿ ಎಂದು ಬೇಡಿಕೊಂಡಳು.

ಬಂತು. ಅದು ಹಿಡಿದು ತಂದ ಅಂಕಿಯೂ ಫೋನಿನಲ್ಲಿದ್ದ ಅಂಕಿಯೂ ಒಂದೇ.

ಮುಂದಿನ ಸಲವೂ ಒಂದೇ.

ಜಗಲಿಯಲ್ಲಿ ಕೂತವಳು ಯಾಮ್ನಾ.

ಹಾಗಾದರೆ ವಾದ್ ಲಾವ್‌ನಿಂದ ಇಷ್ಟು ದಿನ ಒಳಗೆ ಬಂದು, ಚೆನ್ನಾಗಿದ್ದೇನೆ, ಯಾರೂ ಬಂದಿಲ್ಲ, ಯಾರನ್ನೂ ಕಳಿಸಬೇಡಿ ಎಂದು ಬರೆಯುತ್ತಿದ್ದವರು ಯಾರು? ಬತೂಲ್ ಆ ಸಂದೇಶಗಳನ್ನು ಮತ್ತೆ ತೆರೆದಳು. ಒಂದೂ ಅಕ್ಷರ ತಪ್ಪಿರಲಿಲ್ಲ. ಯಾಮ್ನಾಳ ಮಾತಿನಂತೆಯೇ ಚಿಕ್ಕ ಚಿಕ್ಕ ವಾಕ್ಯಗಳು. ಆದರೆ ಒಂದರಲ್ಲೂ ಬತೂಲ್ ಹೇಗಿದ್ದೀರಿ ಎಂಬ ಮಾತಿರಲಿಲ್ಲ. ಎದುರಿಗೆ ಸಿಕ್ಕಿದ ಕತ್ತೆಯ ಯೋಗಕ್ಷೇಮವನ್ನೂ ಕೇಳಿ ಮುಂದೆ ಹೋಗುವ ಬೆಟ್ಟದ ಹುಡುಗಿ ಅವಳು. ಹೆದರಿದ್ದಾಳೆ, ಅದಕ್ಕೇ ಕೇಳಲಿಲ್ಲ ಎಂದು ಬತೂಲ್ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಆ ಕರೆಯ ಕೆಲಸ ಸುದ್ದಿ ಕದಿಯುವುದಾಗಿರಲಿಲ್ಲ. ಯಾಮ್ನಾ ಕ್ಷೇಮವಾಗಿದ್ದಾಳೆಂದು ಈ ಮನೆಯವರು ನಂಬಿ ಕೂತಿರುವವರೆಗೆ ಅವಳನ್ನು ಹುಡುಕುವವರು ಬೇಟೆಗಾರರು ಮಾತ್ರ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅದು ನೆನಪಾದಾಗ ಬತೂಲ್ ಎದ್ದು ನಿಂತಳು, ಮಂಡಿ ಚಳಕ್ ಎಂದು ಮತ್ತೆ ಕೂತಳು. ಕಳ್ಳ ಬಾಬ್ ತಾಝಾದಲ್ಲಿ ಕೂತಿದ್ದಾನೆ ಎಂದು ಅವಳು ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಊರಿಗೆಲ್ಲ ಅಲ್ಲ, ಇಬ್ಬರಿಗೆ.

ಒಬ್ಬರು ಲಲ್ಲಾ ಹನಿಯ್ಯಾ. ಅವರು ಇಳಿಹೊತ್ತಿನ ನಮಾಜು ಮುಗಿಸಿ, ಯಾಮ್ನಾಳನ್ನು ಕರೆತರಲು ವಾದ್ ಲಾವ್‌ಗೆ ಹೊರಟುಹೋಗಿದ್ದರು. ಬತೂಲ್ ಕರೆ ಮಾಡಿದಳು. ಸಮುದ್ರದಂಡೆಯ ಆ ತಿರುವುಗಳಲ್ಲಿ ಯಾವ ಫೋನೂ ಸಿಗುವುದಿಲ್ಲ. ಸಿಗಲಿಲ್ಲ.

ಇನ್ನೊಬ್ಬ ಪಕ್ಕದ ಕೋಣೆಯಲ್ಲಿದ್ದ.

ನೌಫಲ್ ನಾಡಿದ್ದಿನ ವಾದಕ್ಕೆ ತಯಾರಾಗುತ್ತ, ಹಚ್ಚದ ಸಿಗರೇಟೊಂದನ್ನು ಬೆರಳಲ್ಲಿ ಉರುಳಿಸುತ್ತಿದ್ದ. ಹಗಲೆಲ್ಲ ಹೊಗೆಯಿಲ್ಲದ ಉಪವಾಸ ಅವನಿಗೆ ತಲೆಗೇರುತ್ತಿತ್ತು. ಇಂಥ ಸಿಡುಕಿಗೆ ಊರಿನಲ್ಲಿ ಮ್ರಮ್ದೆನ್ ಎನ್ನುತ್ತಾರೆ. ಬತೂಲ್ ಕುಂಟುತ್ತ ಒಳಗೆ ಬಂದದ್ದನ್ನು ಕಂಡು, ಕಾಗದದಿಂದ ಕಣ್ಣೆತ್ತದೆಯೇ, ಅವಳು ಕಾಲು ಚಾಚಿಕೊಳ್ಳುವ ಮೋಟು ಸ್ಟೂಲನ್ನು ಪಾದದಿಂದ ಅವಳ ಕಡೆ ಸರಿಸಿದ. ದಿನವೂ ಹಾಗೆಯೇ ಮಾಡುತ್ತಿದ್ದ.

ಅವಳು ಕೂರಲಿಲ್ಲ.

"ಕಳ್ಳ ಬಾಬ್ ತಾಝಾದಲ್ಲಿದಾನೆ ಅಂತ ನಿಂಗೆ ಹೇಳಿದ್ನಲ್ಲ. ಅದನ್ನ ಯಾರಿಗೆ ಹೇಳ್ದೆ, ವಲ್ದಿ?" ವಲ್ದಿ ಎಂದರೆ ಮಗನೇ. ಆ ಮಾತು ಅವಳ ಬಾಯಲ್ಲಿ ಇವತ್ತು ಒರಟಾಗಿ ಬಂತು.

"ಯಾಕೆ ಖಾಲ್ತಿ, ಸಿಕ್ಕಿಬಿದ್ನಾ?" ಖಾಲ್ತಿ ಎಂದರೆ ಚಿಕ್ಕಮ್ಮ; ಚಿಕ್ಕವರೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದರು.

"ಯಾರಿಗೆ ಹೇಳ್ದೆ ಅಂತ ಕೇಳ್ತಿದೀನಿ."

"ನಾನ್ಯಾಕೆ ಯಾರಿಗಾದ್ರೂ ಹೇಳ್ಲಿ? ಮ್ರಮ್ದೆನ್ ಆಗಿರೋನು ನಾನು. ಜಗಳ ತೆಗೆಯೋ ಸರದಿ ನಂದು, ಚಿಕ್ಕಮ್ಮನದಲ್ಲ."

ಅವಳು ನಗಲಿಲ್ಲ. ಗಡಿಯಾರದ ವಿಷಯ ಹೇಳಿದಳು. ಅವನು ಮೊದಲು ಅರ್ಧ ಕಿವಿಯಲ್ಲಿ ಕೇಳಿದ. ಆಮೇಲೆ ಸಿಗರೇಟು ಕೆಳಗಿಟ್ಟ. ವಕೀಲನಾದ್ದರಿಂದ ಒಪ್ಪಿಕೊಳ್ಳುವ ಮೊದಲು ತಕರಾರು ತೆಗೆದ. ಕಳ್ಳನೂ ಈ ದೇಶದವನೇ ಆಗಿರಬಹುದು, ಅವನ ಕೈಯಲ್ಲೂ ಹಳೆಯ ಫೋನಿರಬಹುದು, ಅವನೂ ಗಡಿಯಾರ ತಿರುಗಿಸಿಕೊಂಡಿರಬಹುದಲ್ಲ ಎಂದು ಕೇಳಿದ.

"ಕೀಲಿ ಕದಿಯೋಷ್ಟು ತಿಳಿದೋನಿಗೆ, ಅಂಕಿ ತಪ್ಪಿದ್ರೆ ಮೊದಲು ಗಡಿಯಾರ ನೋಡ್ಬೇಕು ಅಂತ ಹೊಳೆಯುತ್ತೆ," ಎಂದಳು ಬತೂಲ್. "ಹೊಳೆಯದೆ ಇರೋಳು ಯಾಮ್ನಾ. ಅವಳಿಗೆ ಗಡಿಯಾರ ಬೇಕಾಗಿರೋದು ಉಪವಾಸ ಬಿಡೋಕೆ."

ನೌಫಲ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಎದ್ದು ನಿಂತ, ಕೂತ. ವಾದ್ ಲಾವ್‌ನಲ್ಲಿ ಇರುವವರು ಯಾರು ಹಾಗಾದರೆ ಎಂದು ತನ್ನಲ್ಲೇ ಗೊಣಗಿಕೊಂಡ.

"ಆ ಊರಿನ ಹೆಸರು ನಾನು ಹೇಳಿದ್ದು ಇಬ್ಬರಿಗೆ," ಎಂದಳು ಬತೂಲ್. "ಒಬ್ಬರು ದಾರೀಲಿದಾರೆ. ಇನ್ನೊಬ್ಬ ನನ್ನೆದುರು ಕೂತಿದಾನೆ."

ಅವನಿಗೆ ಸಿಟ್ಟು ಬರುತ್ತದೆಂದು ಅವಳು ಕಾದಿದ್ದಳು. ಬರಲಿಲ್ಲ. ಅವನ ಮುಖ ಶಾಲೆಯಲ್ಲಿ ಹೊಡೆಸಿಕೊಂಡ ಹುಡುಗನ ಮುಖದಂತೆ ಚಿಕ್ಕದಾಯಿತು.

"ಆ ಫೋನು ತಯಾರಾದ ರಾತ್ರಿ ಇದೇ ಮನೇಲಿತ್ತು," ಎಂದ ನಿಧಾನವಾಗಿ. "ಕೀಲಿ ನಕಲಾಗಿದ್ರೆ ಆಗಲೇ ಆಗಿರ್ಬೇಕು. ಈ ಮನೆ ಬೀಗದ ಕೈ ಇರೋದು ಮೂವರ ಹತ್ರ. ನೀವು ಇಬ್ಬರನ್ನ ಎಣಿಸಿದ್ರಿ, ಅದರಲ್ಲಿ ಒಬ್ಬರನ್ನ ಆಗಲೇ ಬಿಟ್ಟೂ ಬಿಟ್ರಿ. ಯಾಕೆ ಬಿಟ್ರಿ ಅಂತ ಕೇಳ್ಲಾ?"

"ಆ ಹೆಸರು ನಿನ್ನ ಬಾಯಲ್ಲಿ ಬರಬಾರದು."

ಬತೂಲ್ ವಿಧವೆಯಾದ ವರ್ಷ ಹನಿಯ್ಯಾ ಅವಳನ್ನು ಈ ಮನೆಗೆ ಕರೆತಂದಿದ್ದರು. ಆ ಚಳಿಗಾಲವಿಡೀ ಅವಳ ಹಾಸಿಗೆಯ ಪಕ್ಕ ನೆಲದ ಮೇಲೆ ಮಲಗಿದ್ದರು. ಅವಳ ಶಾಲಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅವಳು ಎದ್ದರೆ ತಮಗೆ ಎಚ್ಚರವಾಗಲಿ ಎಂದು. ಅದನ್ನೆಲ್ಲ ನೌಫಲ್‌ಗೆ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಅವನು ತನ್ನ ಫೋನನ್ನು ಮೇಜಿನ ಮೇಲೆ ಅವಳ ಕಡೆ ನೂಕಿದ. ಬೀಗ ತೆಗೆದಿತ್ತು.

"ನೋಡ್ಕೊಳ್ಳಿ. ಆಮೇಲೆ ನನ್ನ ಹಿಡಿದು ಕೊಡೋರಂತೆ. ಮೊದಲು ಆ ಹುಡುಗೀನ ಒಳಗೆ ಕರೀರಿ."

ಅವಳು ಫೋನು ಮುಟ್ಟಲಿಲ್ಲ. ಯಾಮ್ನಾಳನ್ನು ಒಳಗೆ ಕರೆದರೆ ಅವಳು ಎಲ್ಲಿದ್ದಾಳೆಂದು ಬರೆಯುತ್ತಾಳೆ. ಅದನ್ನು ಇವನು ಓದಬಾರದು. ಕರೆಯದಿದ್ದರೆ ಹುಡುಗಿ ಇನ್ನೂ ಒಂದು ಸಂಜೆ ಜಗಲಿಯಲ್ಲೇ ಕೂರುತ್ತಾಳೆ. ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರು, ನಾನು ಕರೆಯುವವರೆಗೆ ಬರಬೇಡ ಎಂದಳು. ಇಷ್ಟು ದೊಡ್ಡ ವಕೀಲ ಮರುಮಾತಾಡದೆ ಎದ್ದು ಹೋದ. ಹೋಗುವಾಗ ಸ್ಟೂಲನ್ನು ಎತ್ತಿಕೊಂಡು, ಅವಳ ಕೋಣೆಯ ಕುರ್ಚಿಯ ಮುಂದೆ ಇಟ್ಟು ಹೋದ.

ಬತೂಲ್ ಬಾಗಿಲಿಗೆ ಹೊಸ ಅಪ್ಪಣೆ ಕೊಟ್ಟಳು: ಬಾಬ್ ತಾಝಾದಿಂದ ಬರುವ ಕೀಲಿಗೆ ಒಂದು ಗಂಟೆ ಹಿಂದಿನ ಅಂಕಿಯನ್ನೇ ಸರಿ ಎಂದುಕೋ. ವಾದ್ ಲಾವ್‌ನ ಕರೆಯನ್ನು ಇದ್ದ ಹಾ‍ಗೇ ಬಿಟ್ಟಳು. ಅದನ್ನು ಮುಚ್ಚಿದರೆ ಗುಟ್ಟು ಬಯಲಾಯಿತೆಂದು ಬೇಟೆಗಾರರಿಗೆ ತಿಳಿಯುತ್ತದೆ.

ಕೆಂಪು ಗೆರೆ ಬಂತು. ತಡೆಯಿತು. ಹಸಿರಾಯಿತು.

ಇಷ್ಟು ದಿನ ಯಾಮ್ನಾಳ ಫೋನಿನಲ್ಲೇ ಕಟ್ಟಿಕೊಂಡಿದ್ದ ಮಾತುಗಳು ಒಂದರ ಹಿಂದೊಂದು ಒಳಗೆ ಬಂದು ಬಿದ್ದವು.

"ಖಾಲ್ತಿ ಬತೂಲ್, ಮಂಡಿನೋವು ಹೇಗಿದೆ? ಮನೆ ಎದುರು ಬಿಳಿ ಕಾರು ಬಂದು ನಿಂತಿದೆ. ನಾನು ಇಲ್ಲಿಂದ ಹೊರಟೆ."

"ಬಾಬ್ ತಾಝಾಗೆ ಬಂದೆ. ಬೇಕರಿ ಮೇಲಿನ ಕೋಣೆ. ಬೇಕರಿಯವನ ಹೆಂಡತಿ ಏನೂ ಕೇಳದೆ ಹೊದಿಕೆ ಕೊಟ್ಟಳು. ಮಂಡಿಗೆ ಎಣ್ಣೆ ಹಚ್ಚಿದ್ರಾ?"

"ನನ್ನ ಮೇಲೆ ಕೋಪಾನಾ?"

"ಕೋಪ ಇದ್ರೂ ಪರವಾಗಿಲ್ಲ. ಕೋರ್ಟಿಗೆ ಹೇಗೆ ಬರ್ಲಿ, ಅದೊಂದು ಹೇಳಿ."

ಬತೂಲ್‌ಗೆ ಮುಂದಿನದನ್ನು ಓದಲು ಕಣ್ಣು ಒರೆಸಿಕೊಳ್ಳಬೇಕಾಯಿತು.

"ಕೆಳಗೆ ಬಾಗಿಲು ತಟ್ತಿದಾರೆ. ಇಬ್ಬರು ಗಂಡಸರು. ಲಲ್ಲಾ ಹನಿಯ್ಯಾ ಕಳಿಸಿದ್ರು ಅಂತಾರೆ. ತೆಗೀಲಾ?"

ಅವಳು ನೌಫಲ್‌ನನ್ನು ಕೂಗಿದಳು. ಯಾರನ್ನು ನಂಬಬಾರದೆಂದು ಈಗಷ್ಟೇ ಹೊರಗೆ ಕೂರಿಸಿದ್ದಳೋ ಅವನನ್ನೇ. ಕೂಗಿದರೆ ಬರಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವನು ಬಂದು ಅವಳ ಹೆಗಲ ಮೇಲಿಂದ ಓದಿದ. ಸಂದೇಶದ ಪಕ್ಕದಲ್ಲಿದ್ದ ಹೊತ್ತನ್ನು ನೋಡಿದ.

"ಒಂದು ಗಂಟೆ ಆಗಿದೆ, ಖಾಲ್ತಿ. ಮುಗೀತು."

"ಇಲ್ಲ. ಅವಳ ಗಡಿಯಾರ ಹಿಂದಿದೆ. ಇದು ಈಗ."

ಅವನು ಆಗಲೇ ತನ್ನ ಕೋಣೆಯಿಂದ ಫೋನು ತಂದು ಬಾಬ್ ತಾಝಾದ ಪೊಲೀಸು ಠಾಣೆಗೆ ಕರೆ ಮಾಡುತ್ತಿದ್ದ. ಅವಳು ಬರೆದಳು. ಬೆರಳು ಎರಡು ಸಲ ತಪ್ಪಿತು.

"ತೆಗೀಬೇಡ ಮಗಳೇ. ಅವರನ್ನ ಲಲ್ಲಾ ಕಳಿಸಿಲ್ಲ. ಮಾಳಿಗೆಗೆ ಹೋಗು, ಪಕ್ಕದ ಮನೆ ಮೇಲಿಂದ ಇಳಿ."

ಸಂದೇಶ ಹೋಯಿತು. ತಲುಪಿತು. ಓದಿದ ಗುರುತು ಬಂತು.

ಹಸಿರು ಗೆರೆ ಬೂದಿಬಣ್ಣಕ್ಕೆ ತಿರುಗಿತು. ಫೋನು ಆರಿತೋ, ಆರಿಸಿದರೋ, ಕೈಯಿಂದ ಬಿತ್ತೋ, ಪರದೆ ಏನನ್ನೂ ಹೇಳಲಿಲ್ಲ.

ನೌಫಲ್ ಠಾಣೆಯವನ ಜೊತೆ ಮಾತಾಡುತ್ತಿದ್ದ. ಮೊದಲು ಗದರಿದ, ಆಮೇಲೆ ಅಂಗಲಾಚಿದ. ಎಲ್ಲರೂ ಉಪವಾಸ ಬಿಡಲು ಮನೆಗೆ ಹೋಗಿದ್ದಾರೆ ಸಿದೀ, ಠಾಣೆಯಲ್ಲಿ ನಾನೊಬ್ಬನೇ, ಜೀಪಿನ ಚಾಲಕನೂ ಇಲ್ಲ ಎಂದನಂತೆ ಅವನು. ಬಾಯಿಗೆ ಒಂದು ಖರ್ಜೂರ ಹಾಕಿಕೊಂಡ ತಕ್ಷಣ ಯಾರನ್ನಾದರೂ ಕಳಿಸುತ್ತೇನೆ. ನೀವೂ ಏನಾದರೂ ತಿನ್ನಿ, ಖಾಲಿ ಹೊಟ್ಟೆಯಲ್ಲಿ ಹೀಗೆ ಕೂಗಿದರೆ ತಲೆ ಸುತ್ತುತ್ತದೆ. ಇದನ್ನು ಅವನು ಕೆಟ್ಟತನದಿಂದ ಹೇಳಿರಲಿಲ್ಲ. ನಿಜಕ್ಕೂ ಕನಿಕರದಿಂದಲೇ ಹೇಳಿದ್ದ.

ಬತೂಲ್‌ಗೆ ಕೋಪವೂ ಬರಲಿಲ್ಲ. ಇಡೀ ದೇಶದ ಬೀದಿಗಳು ಬರಿದಾಗುವ ಹೊತ್ತು ಇದು. ಅಂಗಡಿಯವನು ಅಂಗಡಿ ಬಿಟ್ಟು ಓಡುತ್ತಾನೆ, ಟ್ಯಾಕ್ಸಿಯವನು ನಡುರಸ್ತೆಯಲ್ಲಿ ನಿಲ್ಲಿಸಿ ಇಳಿಯುತ್ತಾನೆ. ಯಾರೂ ಯಾರನ್ನೂ ನೋಡದ ಆ ಸ್ವಲ್ಪ ಹೊತ್ತನ್ನು ಆರಿಸಿಕೊಂಡವರು ಹೊರಗಿನವರಲ್ಲ.

ನಾನು ಇಲ್ಲಿಯ ದೊಡ್ಡ ಠಾಣೆಗೇ ಹೋಗುತ್ತೇನೆ, ಬಾಗಿಲು ಒಡೆದಾದರೂ ಯಾರನ್ನಾದರೂ ಎಬ್ಬಿಸುತ್ತೇನೆ ಎಂದು ನೌಫಲ್ ಸ್ಕೂಟರಿನ ಕೀಲಿ ಹುಡುಕಿದ. ಅವಳು ತಡೆಯಲಿಲ್ಲ. ಅವನು ನಿಜ ಹೇಳುತ್ತಿದ್ದಾನೋ, ತಪ್ಪಿಸಿಕೊಂಡು ಹೋಗುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಅವನ ಫೋನು ಮಾತ್ರ ಬೀಗ ತೆಗೆದ ಹಾಗೇ ಅವಳ ಮೇಜಿನ ಮೇಲೆ ಉಳಿಯಿತು. ಮರೆತದ್ದಲ್ಲ. ಬಾಗಿಲಲ್ಲಿ ನಿಂತು ಅದರ ಕಡೆ ಒಮ್ಮೆ ನೋಡಿ, ಬಿಟ್ಟು ಹೋಗಿದ್ದ.

ಅವಳು ಆಗ ಅದನ್ನು ಕೈಗೆತ್ತಿಕೊಂಡು ನೋಡಿದಳು. ತನ್ನ ಮೇಲೆಯೇ ಅಸಹ್ಯಪಡುತ್ತ ನೋಡಿದಳು. ಅವನ ತಾಯಿ, ಅವನ ಹಲ್ಲಿನ ವೈದ್ಯ, ಕೋರ್ಟಿನ ಗುಮಾಸ್ತ. ಬಾಬ್ ತಾಝಾ ಎಂಬ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅಳಿಸಿರಬಹುದು. ಅಳಿಸುವಂಥದ್ದೇ ಇಲ್ಲದೆಯೂ ಇರಬಹುದು.

ಲಲ್ಲಾಗೆ ಮತ್ತೆ ಕರೆ ಮಾಡಿದಳು. ಅದೇ ಹೆಣ್ಣುದನಿ, ಅದೇ ಮಾತು, ಫೋನು ಸಿಗುತ್ತಿಲ್ಲ. ಈ ಹೊತ್ತಿಗೆ ಅವರು ವಾದ್ ಲಾವ್ ಮುಟ್ಟಿರಬೇಕು. ಖಾಲಿ ಮನೆಯ ಮುಂದೆ ನಿಂತಿರಬೇಕು. ಆ ಬಿಳಿ ಕಾರು ಇನ್ನೂ ಅಲ್ಲೇ ಇದ್ದರೆ? ಎಪ್ಪತ್ತು ದಾಟಿದ ಹೆಂಗಸು, ಒಬ್ಬರೇ. ಯಾಮ್ನಾಳ ಜೊತೆಗೆ ಈಗ ಅವರ ಚಿಂತೆಯೂ ಬತೂಲ್‌ಳ ಎದೆಯ ಮೇಲೆ ಕೂತಿತು. ಇಬ್ಬರಲ್ಲಿ ಒಬ್ಬರನ್ನಾದರೂ ಉಳಿಸು ಎಂದು ದೇವರನ್ನು ಕೇಳಲು ಹೊರಟು, ಯಾರನ್ನು ಎಂದು ಹೇಳಲಾರದೆ ಅರ್ಧಕ್ಕೇ ನಿಲ್ಲಿಸಿದಳು.

ಸೈರನ್ ಕೂಗಿತು. ಮಸೀದಿಗಳಿಂದ ಬಾಂಗ್ ಎದ್ದಿತು. ಓಣಿಯ ಎಲ್ಲ ಮನೆಗಳಲ್ಲೂ ಚಮಚ ಬಟ್ಟಲುಗಳ ಸದ್ದು ಒಟ್ಟಿಗೇ ಶುರುವಾಯಿತು. ಬತೂಲ್ ನೀರು ಕುಡಿಯುವುದನ್ನೂ ಮರೆತು ಬೂದಿಬಣ್ಣದ ಗೆರೆಯನ್ನು ನೋಡುತ್ತ ಕೂತಿದ್ದಳು. ಅದು ಹಸಿರಾಗಲಿಲ್ಲ. ಕೆಂಪೂ ಆಗಲಿಲ್ಲ. ಈಗ ಅದು ತಪ್ಪು ಅಂಕಿ ಹಿಡಿದಾದರೂ ಬರಲಿ ಎನಿಸಿತು ಅವಳಿಗೆ.

ಬೀದಿ ಬಾಗಿಲು ಸದ್ದಾಯಿತು.

ಅವಳು ಗೋಡೆ ಹಿಡಿದುಕೊಂಡು ಇಳಿದು ಹೋದಳು. ಕಿಂಡಿಯಲ್ಲಿ ನೋಡಿದಳು. ಓಣಿಯ ತುದಿಯಲ್ಲಿ ಪುದೀನಾ ಮಾರುವ ಹಾಶ್ಮಿ, ಓಣಿಯವರೆಲ್ಲ ಅಮ್ಮಿ, ಅಂದರೆ ಚಿಕ್ಕಪ್ಪ, ಎಂದು ಕರೆಯುವವನು. ಕೈಯಲ್ಲಿ ಬಿಳಿ ವಸ್ತ್ರ ಮುಚ್ಚಿದ ಮಣ್ಣಿನ ಬಟ್ಟಲು. ಅವನೂ ಇನ್ನೂ ಏನೂ ತಿಂದಿರಲಿಲ್ಲ. ತುಟಿ ಒಣಗಿ ಬಿರಿದಿತ್ತು. ಅವಳು ಅಗುಳಿ ತೆಗೆದಳು.

"ಹರೀರಾ," ಎಂದ ಅವನು, ದನಿ ಏರಿಸದೆ. "ಲಲ್ಲಾ ಕೊಟ್ರು. ಈಗಷ್ಟೇ, ಆ ಮೂಲೇಲಿ ನಿಂತ್ಕೊಂಡು. ಬತೂಲ್ ಬರಿ ಹೊಟ್ಟೇಲಿ ಕೂತಿರ್ತಾಳೆ, ಆರೋಕೆ ಮುಂಚೆ ಮುಟ್ಟಿಸು ಅಂದ್ರು. ಒಳಗೆ ಬನ್ನಿ ಅಂದೆ, ಬರಲಿಲ್ಲ."

ಬತೂಲ್ ಅವನ ಹಿಂದಿನ ಓಣಿಯನ್ನು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ವಾದ್ ಲಾವ್‌ಗೆ ಹೊರಟವರು ಊರು ಬಿಟ್ಟೇ ಇರಲಿಲ್ಲ.

ಉಪವಾಸ ಬಿಡುವ ಆ ಬೇಳೆಸಾರಿನ ಬಟ್ಟಲಿನಿಂದ ಇನ್ನೂ ಹಬೆ ಏಳುತ್ತಿತ್ತು. ಅವಳ ಬೆರಳು ಸುಡಬಾರದೆಂದು ಹಾಶ್ಮಿ ತನ್ನ ಹೆಗಲ ಮೇಲಿನ ಬಟ್ಟೆಯನ್ನು ಮಡಿಸಿ ತಳಕ್ಕೆ ಹಿಡಿದು, ತುಳುಕದಂತೆ ನೋಡಿಕೊಂಡು, ಬಟ್ಟಲನ್ನು ಅವಳ ಎರಡೂ ಕೈಗಳಿಗೆ ಕೊಟ್ಟ.